ಪೆರೆಸ್ತ್ರೋಯಿಕ ಕಾಲದ ಪ್ರಜಾಪ್ರಭುತ್ವದ ವಾಗ್ವಾದಗಳು: ಬಸವನಗುಡಿಯ ಒಂದು ಪಾಠಮಾಲೆಯ ವಿಮರ್ಶೆ

ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಎರಡೇ ದಾರಿಯಲ್ಲಿ ಸಾಗುತ್ತದೆ. ಅದರ ಕೊನೆಯ ನಾಯಕ ಗೊರ್ಬಚೆವ್ ಒಂದು ಮಹಾನ್ ದೇಶವನ್ನು ಹಾಳುಮಾಡಿದರು ಎನ್ನುವವರು ಒಂದು ಕಡೆ, ಆ ವ್ಯವಸ್ಥೆ ಹೇಗಿದ್ದರೂ ಕುಸಿಯುವುದರಲ್ಲಿತ್ತು ಎನ್ನುವವರು ಇನ್ನೊಂದು ಕಡೆ. ಬಸವನಗುಡಿಯಲ್ಲಿ ಶನಿವಾರ ಸಂಜೆ ಕನ್ನಡದಲ್ಲಿ ನಡೆಯುವ ಈ ಪಾಠಮಾಲೆ ಆ ಎರಡು ತೀರ್ಪುಗಳನ್ನೂ ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ: 1985ರಿಂದ 1991ರವರೆಗೆ, ಪೆರೆಸ್ತ್ರೋಯಿಕ (ಪುನಾರಚನೆ) ಎಂದು ಕರೆದ ಗೊರ್ಬಚೆವ್ ಸುಧಾರಣೆಗಳ ಕಾಲದಲ್ಲಿ, ಆ ದೇಶದ ಜನ ‘ನಮಗೆ ಪ್ರಜಾಪ್ರಭುತ್ವ ಬೇಕು’ ಎಂದಾಗ ನಿಜವಾಗಿ ಏನೇನನ್ನು ಕೇಳುತ್ತಿದ್ದರು? ಪಕ್ಷದೊಳಗೆ ಚುನಾವಣೆ ಬೇಕೆಂದವರು, ಕಾರ್ಖಾನೆಯ ನಿರ್ದೇಶಕನನ್ನು ಕಾರ್ಮಿಕರೇ ಆರಿಸಬೇಕೆಂದವರು, ಎಲ್ಲ ಅಧಿಕಾರವೂ ಸೋವಿಯತ್ತುಗಳಿಗೆ (ಚುನಾಯಿತ ಜನಸಭೆಗಳಿಗೆ) ಸೇರಬೇಕೆಂದವರು, ಬಹುಪಕ್ಷದ ಸಂಸತ್ತು ಬೇಕೆಂದವರು, ಮೊದಲು ಗಟ್ಟಿ ಕೈಯ ಆಡಳಿತ ಬರಲಿ, ಪ್ರಜಾಪ್ರಭುತ್ವ ಆಮೇಲೆ ನೋಡೋಣ ಎಂದವರು, ಇವರೆಲ್ಲ ಒಂದೇ ಕಾಲದಲ್ಲಿ, ಕೆಲವೊಮ್ಮೆ ಒಂದೇ ಸಭೆಯಲ್ಲಿ ಇದ್ದರು. ಈ ವಾಗ್ವಾದವನ್ನು ವಾಗ್ವಾದವಾಗಿಯೇ ಉಳಿಸಿಕೊಂಡು ಕಲಿಸುವುದು ಸುಲಭದ ಕೆಲಸವಲ್ಲ. ಅದನ್ನು ಇಲ್ಲಿ ಮಾಡಿದ್ದಾರೆ. ಆದ್ದರಿಂದಲೇ, ಮುಂದೆ ಹೇಳಲಿರುವ ಗಂಭೀರವಾದ ಒಂದು ಕೊರತೆಯ ಹೊರತಾಗಿಯೂ, ಈ ಪಾಠಮಾಲೆಗೆ ಸೇರಿ ಎಂದು ನಾನು ಮನಸಾರೆ ಶಿಫಾರಸು ಮಾಡುತ್ತೇನೆ.

ಇದನ್ನು ನಡೆಸುವುದು ಓದಿನ ಆಸಕ್ತಿಯಿರುವ ಕೆಲವರು ಸೇರಿ ಕಟ್ಟಿಕೊಂಡ ಸಣ್ಣ ಬಳಗ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ, ಹಳೆಯ ಮನೆಯೊಂದರ ಮಹಡಿಯ ಮೇಲೆ ತರಗತಿ. ಶುಲ್ಕ ಮೂರು ಸಾವಿರ ರೂಪಾಯಿಯ ಒಳಗಿದೆ, ವಿದ್ಯಾರ್ಥಿಗಳಿಗೆ ಅದರಲ್ಲಿ ಅರ್ಧ. ಪಾಠ ಮಾಡುವವರು ರಾಜ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದವರೂ ಅವರನ್ನು ಮೇಡಂ ಎಂದೇ ಕರೆಯುತ್ತಾರೆ. ಸೇರಿದವರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವವರು, ಕಾಲೇಜು ಉಪನ್ಯಾಸಕರು ಮತ್ತು ಸಾರ್ವಜನಿಕ ಉದ್ಯಮಗಳಿಂದ ನಿವೃತ್ತರಾದ ಕೆಲವು ಹಿರಿಯರು ಇದ್ದರು. ಈ ಕೊನೆಯವರ ಉಪಸ್ಥಿತಿ ತರಗತಿಯ ಚರ್ಚೆಗೆ ಎಷ್ಟು ತೂಕ ತಂದಿತೆಂಬುದು ಕಾರ್ಖಾನೆಯ ವಿಷಯ ಬಂದಾಗ ತಿಳಿಯಿತು.

ಮೊದಲ ತರಗತಿ ಪೀಠಿಕೆ. 1871ರಲ್ಲಿ ಕೆಲವು ವಾರ ಆ ನಗರವನ್ನು ಆಳಿದ ಕಾರ್ಮಿಕರ ಸರ್ಕಾರವಾದ ಪ್ಯಾರಿಸ್ ಕಮ್ಯೂನಿನಿಂದ ಬಂದ ಮೂರು ವಿಚಾರಗಳನ್ನು ಮೇಡಂ ಹಲಗೆಯ ಮೇಲೆ ಬರೆದು ಆರಂಭಿಸಿದರು. ಪ್ರತಿನಿಧಿಯನ್ನು ಮತದಾರರು ಯಾವಾಗ ಬೇಕಾದರೂ ವಾಪಸು ಕರೆಸಿಕೊಳ್ಳಬಹುದು. ಪ್ರತಿನಿಧಿಯ ಸಂಬಳ ಕಾರ್ಮಿಕನ ಸಂಬಳಕ್ಕಿಂತ ಹೆಚ್ಚಿರಬಾರದು. ಕಾನೂನು ಮಾಡುವವರೇ ಅದನ್ನು ಜಾರಿಗೊಳಿಸುವ ಹೊಣೆಯನ್ನೂ ಹೊರಬೇಕು. 1917ರ ಸೋವಿಯತ್ತುಗಳು ಈ ಕಲ್ಪನೆಯ ಮೇಲೆ ನಿಂತಿದ್ದವು. 1921ರಲ್ಲಿ ಕ್ರೋನ್‌ಸ್ಟಾಟ್‌ನ ಬಂಡೆದ್ದ ನಾವಿಕರು ಕೇಳಿದ ಮೊದಲ ಬೇಡಿಕೆಯೂ ಸೋವಿಯತ್ತುಗಳಿಗೆ ರಹಸ್ಯ ಮತದಾನದ ಹೊಸ ಚುನಾವಣೆ ಆಗಲಿ ಎಂಬುದೇ ಆಗಿತ್ತು. ಗೊರ್ಬಚೆವ್ ಕಾಲದ ಸುಧಾರಕರಲ್ಲಿ ಅನೇಕರು ಪಾಶ್ಚಾತ್ಯ ಸಂಸತ್ತಿನ ಕಡೆ ನೋಡುವ ಮೊದಲು ತಮ್ಮದೇ ಇತಿಹಾಸದ ಈ ಅರ್ಧಕ್ಕೆ ನಿಂತ ಭರವಸೆಯ ಕಡೆ ನೋಡಿದರೆಂಬುದನ್ನು ಅರಿಯದೆ ಮುಂದಿನದು ಅರ್ಥವಾಗುವುದಿಲ್ಲ. ಈ ಭಾಗ ಚುರುಕಾಗಿ ಮುಗಿಯಿತು, ಅಷ್ಟೇ ಸಾಕಿತ್ತು.

ಇಡೀ ಪಾಠಮಾಲೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಜನಪ್ರತಿನಿಧಿಗಳ ಕಾಂಗ್ರೆಸ್ ಎಂಬ ಹೊಸ ಶಾಸನಸಭೆಗೆ 1989ರ ಮಾರ್ಚ್ 26ರಂದು ನಡೆದ ಚುನಾವಣೆಯ ತರಗತಿ. ಎಲ್ಲರ ಕೈಗೂ ಒಂದೊಂದು ಮಾದರಿ ಮತಪತ್ರ ಕೊಟ್ಟರು. ಅದರಲ್ಲಿ ಚಿಹ್ನೆಗಳಿಲ್ಲ, ಮುದ್ರೆ ಒತ್ತುವ ಚೌಕವೂ ಇಲ್ಲ. ಹೆಸರು, ಉದ್ಯೋಗ, ಕೆಲಸ ಮಾಡುವ ಜಾಗ, ಇಷ್ಟೇ. ಬೇಡದವರ ಹೆಸರಿನ ಮೇಲೆ ಗೆರೆ ಎಳೆಯಬೇಕು, ಬೇಕಾದವರ ಹೆಸರನ್ನು ಹಾಗೆಯೇ ಬಿಡಬೇಕು. ಗೆಲ್ಲಲು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಬೆಂಬಲ ಬೇಕು. ಈ ನಿಯಮ ಹಳೆಯದು. ಒಬ್ಬನೇ ಉಮೇದುವಾರನಿದ್ದ ದಶಕಗಳಲ್ಲಿ ಜನ ಮತಪತ್ರವನ್ನು ಪಡೆದು, ಮಡಚಿ, ನೇರವಾಗಿ ಪೆಟ್ಟಿಗೆಗೆ ಹಾಕಿ ಹೋಗುತ್ತಿದ್ದರು. ಪರದೆಯ ಹಿಂದೆ ಹೋಗುವುದೇ ಅನುಮಾನಕ್ಕೆ ಕಾರಣವಾಗುತ್ತಿದ್ದ ಕಾಲ ಅದು. 1989ರಲ್ಲಿ ಜನ ಪರದೆಯ ಹಿಂದೆ ಹೋಗಿ ಪೆನ್ಸಿಲ್ ಎತ್ತಿಕೊಂಡಾಗ ಅದೇ ಹಳೆಯ ನಿಯಮ ಬೇರೆಯೇ ಆಯುಧವಾಯಿತು. ಲೆನಿನ್‌ಗ್ರಾಡ್ ಪ್ರಾಂತ್ಯದ ಪಕ್ಷದ ಮುಖ್ಯಸ್ಥ ಯೂರಿ ಸೊಲೊವ್ಯೋವ್ ತಮ್ಮ ಕ್ಷೇತ್ರದಲ್ಲಿ ಒಬ್ಬರೇ ಕಣದಲ್ಲಿದ್ದರು. ಪಾಲಿಟ್‌ಬ್ಯೂರೋದಲ್ಲಿ, ಅಂದರೆ ಪಕ್ಷದ ಅತ್ಯುನ್ನತ ಸಮಿತಿಯಲ್ಲಿ, ಮತದಾನದ ಹಕ್ಕಿಲ್ಲದ ಸದಸ್ಯರೂ ಆಗಿದ್ದರು. ಅರ್ಧಕ್ಕಿಂತ ಹೆಚ್ಚು ಮತದಾರರು ಅವರ ಹೆಸರಿನ ಮೇಲೆ ಗೆರೆ ಎಳೆದರು. ಎದುರಾಳಿಯೇ ಇಲ್ಲದೆ ಅವರು ಸೋತರು.

ತರಗತಿಯಲ್ಲಿ ಮತಪತ್ರಗಳನ್ನು ಎಣಿಸಿದಾಗ ನಾವು ಆರಿಸಿದ ‘ಕ್ಷೇತ್ರ’ದಲ್ಲೂ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬೆಂಬಲ ಸಿಗಲಿಲ್ಲ, ಮರುಚುನಾವಣೆ ಎಂದು ಘೋಷಿಸಬೇಕಾಯಿತು. ಆಗ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು, ‘ಮೇಡಂ, ನಮ್ಮ ನೋಟಾ ಕೂಡ ಇದೇ ಅಲ್ಲವೇ?’ ಎಂದು ಕೇಳಿದಳು. ಉತ್ತರ ಸ್ಪಷ್ಟವಾಗಿತ್ತು. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ನಮ್ಮ ಮತಯಂತ್ರಗಳಿಗೆ ಬಂದ ನೋಟಾ ಅಸಮ್ಮತಿಯನ್ನು ದಾಖಲಿಸುತ್ತದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಅದಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಸೋವಿಯತ್ ಮತದಾರನ ಗೆರೆಗೆ ಉಮೇದುವಾರನನ್ನು ಮನೆಗೆ ಕಳಿಸುವ ಬಲವಿತ್ತು. ಪುಸ್ತಕದಲ್ಲಿ ಈ ವ್ಯತ್ಯಾಸವನ್ನು ಓದುವುದಕ್ಕೂ, ಪೆನ್ಸಿಲ್ ಹಿಡಿದು ಒಬ್ಬರ ಹೆಸರನ್ನು ಹೊಡೆದುಹಾಕಿ ಮತ್ತೊಬ್ಬರದನ್ನು ಉಳಿಸಿ ಎಣಿಕೆಗೆ ಕಾಯುವುದಕ್ಕೂ ಬಹಳ ಅಂತರವಿದೆ.

ಹಾಗೆಂದು ಆ ಚುನಾವಣೆಯನ್ನು ಮೇಡಂ ಹೊಗಳಿ ಅಟ್ಟಕ್ಕೇರಿಸಲಿಲ್ಲ. 2250 ಸ್ಥಾನಗಳ ಜನಪ್ರತಿನಿಧಿಗಳ ಕಾಂಗ್ರೆಸ್ಸಿನಲ್ಲಿ 750 ಸ್ಥಾನಗಳು ಜನಸಂಖ್ಯೆ ಆಧಾರದ ಕ್ಷೇತ್ರಗಳಿಗೆ, 750 ರಾಷ್ಟ್ರೀಯ-ಪ್ರಾದೇಶಿಕ ಕ್ಷೇತ್ರಗಳಿಗೆ, ಉಳಿದ 750 ಕಮ್ಯುನಿಸ್ಟ್ ಪಕ್ಷ, ಕಾರ್ಮಿಕ ಸಂಘಗಳು, ಯುವಜನ ಸಂಘಟನೆ, ವಿಜ್ಞಾನ ಅಕಾಡೆಮಿ ಮುಂತಾದ ಸಂಸ್ಥೆಗಳಿಗೆ ಮೀಸಲಾಗಿದ್ದವು. ಪಕ್ಷ ತನಗೆ ಸಿಕ್ಕ 100 ಸ್ಥಾನಗಳಿಗೆ ಸರಿಯಾಗಿ 100 ಹೆಸರುಗಳನ್ನೇ ಮುಂದಿಟ್ಟಿತು. ಕ್ಷೇತ್ರಗಳಲ್ಲಿ ನಾಮಪತ್ರಗಳನ್ನು ಸೋಸಲು ಚುನಾವಣಾಪೂರ್ವ ಸಭೆಗಳಿದ್ದವು. ಸುಮಾರು ನಾಲ್ಕನೇ ಒಂದು ಭಾಗ ಕ್ಷೇತ್ರಗಳಲ್ಲಿ ಒಬ್ಬರೇ ಉಮೇದುವಾರರು ಉಳಿದರು. ಅಕಾಡೆಮಿಯ ಸದಸ್ಯನೊಬ್ಬ ತನ್ನ ಊರಿನ ಎರಡು ಕ್ಷೇತ್ರಗಳಲ್ಲಿ ಮತ ಹಾಕುವುದರ ಜೊತೆಗೆ ಅಕಾಡೆಮಿಯ ಪ್ರತಿನಿಧಿಗಳನ್ನು ಆರಿಸುವುದರಲ್ಲೂ ಪಾಲ್ಗೊಳ್ಳಬಹುದಿತ್ತು, ಆದರೆ ಹಳ್ಳಿಯ ರೈತನಿಗೆ ಅಂಥ ಹೆಚ್ಚುವರಿ ದನಿ ಸಿಗುವುದು ಅಪರೂಪ. ಇದು ನ್ಯಾಯವೇ? ಇಲ್ಲಿ ಚರ್ಚೆ ಕಾವೇರಿತು, ಏಕೆಂದರೆ ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲೂ ಪದವೀಧರರಿಗೆ 7, ಶಿಕ್ಷಕರಿಗೆ 7 ಮೀಸಲಾಗಿವೆ. ಪದವಿ ಪಡೆದವನಿಗೆ ಇನ್ನೊಂದು ಮತಪತ್ರ ಕೊಡುವುದನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವಲ್ಲ ಎಂದು ಒಬ್ಬರು ಹೇಳಿದಾಗ, ಸ್ವತಃ ಶಿಕ್ಷಕರ ಕ್ಷೇತ್ರದ ಮತದಾರರಾಗಿರುವ ಉಪನ್ಯಾಸಕರೊಬ್ಬರು ವೃತ್ತಿಯ ಅನುಭವಕ್ಕೆ ಶಾಸನಸಭೆಯಲ್ಲಿ ದನಿ ಇರಬೇಕೆಂದು ಗಟ್ಟಿಯಾಗಿ ವಾದಿಸಿದರು. 1988ರಲ್ಲಿ ಮಾಸ್ಕೋದ ಪಕ್ಷ ಸಮ್ಮೇಳನ ಈ ಮೀಸಲು ಸ್ಥಾನಗಳಿಗೆ ಒಪ್ಪಿಗೆ ಕೊಟ್ಟಾಗ ಅದರ ಪರವಾಗಿದ್ದ ವಾದವೂ ಹೆಚ್ಚುಕಡಿಮೆ ಇಂಥದ್ದೇ.

ಭೌತವಿಜ್ಞಾನಿಯೂ ಮಾನವ ಹಕ್ಕುಗಳ ಹೋರಾಟಗಾರರೂ ಆಗಿದ್ದ ಸಖರೊವ್ ಆಯ್ಕೆಯಾದ ಬಗೆ ಇದೇ ಪ್ರಶ್ನೆಯ ಇನ್ನೊಂದು ಮುಖ. ಅನೇಕ ಸಂಶೋಧನಾ ಸಂಸ್ಥೆಗಳು ಅವರ ಹೆಸರು ಸೂಚಿಸಿದ್ದರೂ ಅಕಾಡೆಮಿಯ ಆಡಳಿತ ಮಂಡಳಿ ಅದನ್ನು ಅಂತಿಮ ಪಟ್ಟಿಯಿಂದ ಹೊರಗಿಟ್ಟಿತು. ಸಿಟ್ಟಿಗೆದ್ದ ವಿಜ್ಞಾನಿಗಳು ಬೀದಿಗಿಳಿದರು; ಮೊದಲ ಸುತ್ತಿನ ಮತದಾನದಲ್ಲಿ ಮಂಡಳಿ ಇಟ್ಟ ಹೆಸರುಗಳಲ್ಲಿ ಹೆಚ್ಚಿನವನ್ನು ಹೊಡೆದುಹಾಕಿದರು; ಏಪ್ರಿಲ್‌ನ ಎರಡನೆಯ ಸುತ್ತಿನಲ್ಲಿ ಸಖರೊವ್ ಗೆದ್ದು ಬಂದರು. ಅಧಿಕಾರದಲ್ಲಿರುವವರು ತಮ್ಮ ಅನುಕೂಲಕ್ಕೆಂದು ಮೀಸಲಿಟ್ಟ ಬಾಗಿಲಿನಿಂದಲೇ ಅವರ ಅತ್ಯಂತ ಪ್ರಖರ ವಿಮರ್ಶಕ ಒಳಗೆ ಬಂದದ್ದನ್ನು ಮೇಡಂ ವಿವರಿಸಿದ ರೀತಿ ತುಂಬ ಚೆನ್ನಾಗಿತ್ತು. ಮೇ 25ರಿಂದ ಜೂನ್ 9ರವರೆಗೆ ನಡೆದ ಮೊದಲ ಅಧಿವೇಶನವನ್ನು ದೂರದರ್ಶನದಲ್ಲಿ ನೇರವಾಗಿ ತೋರಿಸಿದರು. ಜನ ಕೆಲಸದ ಜಾಗದಲ್ಲೂ ಬೀದಿಯಲ್ಲೂ ರೇಡಿಯೋ ಹಿಡಿದು ಕೇಳಿದರು. ಸುಪ್ರೀಂ ಸೋವಿಯತ್ತಿನ (ಕಾಂಗ್ರೆಸ್ ಆರಿಸುವ ಖಾಯಂ ಸಂಸತ್ತಿನ) ಅಧ್ಯಕ್ಷ ಸ್ಥಾನಕ್ಕೆ ಗೊರ್ಬಚೆವ್ ಎದುರು ತಮ್ಮ ಹೆಸರನ್ನು ತಾವೇ ಸೂಚಿಸಿಕೊಂಡ ಅಲೆಕ್ಸಾಂದರ್ ಒಬೊಲೆನ್‌ಸ್ಕಿ ಎಂಬ ಎಂಜಿನಿಯರ್, ತನಗೆ ಗೆಲುವಿನ ಆಸೆಯಿಲ್ಲ, ಒಂದಕ್ಕಿಂತ ಹೆಚ್ಚು ಹೆಸರಿರುವ ಚುನಾವಣೆಯ ಸಂಪ್ರದಾಯ ಬೆಳೆಯಲಿ ಎಂಬುದಷ್ಟೇ ಉದ್ದೇಶ ಎಂಬರ್ಥದ ಮಾತಾಡಿದರು. ಬಹುಮತ ಅವರ ಹೆಸರನ್ನು ಮತಪತ್ರಕ್ಕೆ ಸೇರಿಸಲೂ ಒಪ್ಪಲಿಲ್ಲ. ಅಧಿವೇಶನದ ಕೊನೆಯ ದಿನ ಸಖರೊವ್ ಮಂಡಿಸಿದ ‘ಅಧಿಕಾರದ ಕುರಿತ ಆಜ್ಞೆ’ಯ ತಿರುಳನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಹಂಚಿದ್ದರು: ಪಕ್ಷಕ್ಕೆ ಮುಂದಾಳತ್ವವನ್ನು ಬರೆದುಕೊಟ್ಟ ಸಂವಿಧಾನದ 6ನೇ ವಿಧಿ ರದ್ದಾಗಲಿ, ಕಾನೂನು ಮಾಡುವ ಅಧಿಕಾರ ಕಾಂಗ್ರೆಸ್ಸಿನದು ಮಾತ್ರ ಆಗಿರಲಿ. ಸಖರೊವ್ ಅದೇ ವರ್ಷ ಡಿಸೆಂಬರ್ 14ರಂದು ತೀರಿಕೊಂಡರು. 6ನೇ ವಿಧಿ ಬದಲಾದದ್ದು 1990ರ ಮಾರ್ಚ್‌ನಲ್ಲಿ.

ಕಾರ್ಖಾನೆಯ ಪ್ರಜಾಪ್ರಭುತ್ವದ ತರಗತಿಗೆ ಬರುತ್ತೇನೆ. 1987ರ ಆರಂಭದಲ್ಲಿ ಲಾಟ್ವಿಯಾದ ಯೆಲ್ಗಾವಾದಲ್ಲಿದ್ದ, ಮಿನಿಬಸ್ಸುಗಳನ್ನು ಮಾಡುತ್ತಿದ್ದ ರಾಫ್ ಕಾರ್ಖಾನೆಯ ನಿರ್ದೇಶಕನ ಹುದ್ದೆಗೆ ಯುವಜನರ ದಿನಪತ್ರಿಕೆಯ ಮೂಲಕ ದೇಶದಾದ್ಯಂತ ಅರ್ಜಿ ಕರೆದು, ಕೊನೆಗೆ ಕಾರ್ಖಾನೆಯ ಪ್ರತಿನಿಧಿಗಳ ಮತದಿಂದ ವಿಕ್ಟರ್ ಬೊಸ್ಸೆರ್ಟ್ ಎಂಬುವರನ್ನು ಆರಿಸಿದರು. ಅದೇ ವರ್ಷ ಜೂನ್‌ನಲ್ಲಿ ಅಂಗೀಕಾರವಾಗಿ 1988ರ ಜನವರಿ 1ರಿಂದ ಜಾರಿಗೆ ಬಂದ ರಾಜ್ಯ ಉದ್ಯಮಗಳ ಕಾನೂನು ಇದನ್ನು ಎಲ್ಲ ಕಡೆಗೂ ವಿಸ್ತರಿಸಿತು. ನಿರ್ದೇಶಕನನ್ನು ಐದು ವರ್ಷಕ್ಕೊಮ್ಮೆ ಕಾರ್ಮಿಕರೇ ಆರಿಸುವುದು, ಕಾರ್ಮಿಕ ಸಮೂಹದ ಮಂಡಳಿಯಲ್ಲಿ ಆಡಳಿತದವರ ಪಾಲು ಕಾಲು ಭಾಗವನ್ನು ಮೀರದಿರುವುದು, ಆಯ್ಕೆಯನ್ನು ಮೇಲಿನ ಇಲಾಖೆ ಅನುಮೋದಿಸುವುದು, ಇವು ಅದರ ಮುಖ್ಯ ಅಂಶಗಳು. ಓದುವಾಗ ರೋಮಾಂಚನವಾಗುವ ಕಾನೂನು. ಆದರೆ ಯಾವ ಸರಕನ್ನು ಎಷ್ಟು ಮಾಡಬೇಕೆಂಬ ಸರ್ಕಾರಿ ಆದೇಶಗಳು ಉತ್ಪಾದನೆಯ ಬಹುಭಾಗವನ್ನು ಮೊದಲಿನಂತೆಯೇ ನುಂಗಿಹಾಕುತ್ತಿದ್ದವು. ಕಚ್ಚಾವಸ್ತು ಕೊಡುವುದೂ ಬೆಲೆ ಕಟ್ಟುವುದೂ ಮಾಸ್ಕೋ.

ಆಗ ಹಳೇ ಮದ್ರಾಸ್ ರಸ್ತೆಯ ಕಡೆಯ ಒಂದು ಸಾರ್ವಜನಿಕ ಉದ್ಯಮದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಎದ್ದು ಮಾತಾಡಿದರು. 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ನಡೆಸಿದ ದೀರ್ಘ ಮುಷ್ಕರವನ್ನು ಕಂಡವರು ಅವರು. ‘ನೋಡೀಮ್ಮ, ನಮ್ಮಲ್ಲೂ ಜಂಟಿ ಸಮಿತಿ ಅಂತ ಇತ್ತು. ಕ್ಯಾಂಟೀನ್ ಊಟ, ಬಸ್ಸಿನ ಸಮಯ, ಸಮವಸ್ತ್ರ, ಇವು ನಮಗೆ. ಯಾವ ಯಂತ್ರ ತರಬೇಕು, ಯಾವ ಮಾಲು ನಿಲ್ಲಿಸಬೇಕು ಅನ್ನೋದು ದೆಹಲಿಗೆ. ಅಲ್ಲಿ ನಿರ್ದೇಶಕನನ್ನೇ ಆರಿಸಿದರಲ್ಲ, ಅವನ ಕೈಯಲ್ಲಿ ಏನಿತ್ತು?’ ಎಂದು ಕೇಳಿದರು. ಸಂವಿಧಾನದ 42ನೇ ತಿದ್ದುಪಡಿ 1976ರಲ್ಲಿ 43ಎ ವಿಧಿಯ ಮೂಲಕ ಕಾರ್ಮಿಕರಿಗೆ ಆಡಳಿತದಲ್ಲಿ ಪಾಲು ಕೊಡಬೇಕೆಂದು ಸರ್ಕಾರಕ್ಕೆ ನಿರ್ದೇಶನ ನೀಡಿದ್ದನ್ನು ನೆನೆದರೆ ಅವರ ಪ್ರಶ್ನೆಯ ಆಳ ತಿಳಿಯುತ್ತದೆ. ಮೇಡಂ ಅದಕ್ಕೆ ಅವಸರದ ಉತ್ತರ ಕೊಡಲಿಲ್ಲ. ಕಾರ್ಖಾನೆ ಏನು ಮಾಡಬೇಕೆಂಬುದು ಹೊರಗೇ ನಿರ್ಧಾರವಾಗುವಾಗ, ಚುನಾಯಿತ ನಿರ್ದೇಶಕ ತನ್ನವರಿಗೆ ಕೊಡಬಹುದಾದದ್ದು ಕೂಲಿಯ ಏರಿಕೆ ಮಾತ್ರ. ಕೂಲಿ ಏರಿತು, ಅಂಗಡಿಯಲ್ಲಿ ಸರಕು ಹೆಚ್ಚಲಿಲ್ಲ, ಅದರ ಹೊಣೆಯನ್ನು ಅರ್ಥಶಾಸ್ತ್ರಜ್ಞರು ಕಾರ್ಮಿಕರ ಚುನಾವಣೆಯ ತಲೆಗೆ ಕಟ್ಟಿದರು ಎಂದು ವಿವರಿಸಿದರು. 1990ರ ಜೂನ್‌ನ ಹೊಸ ಕಾನೂನು ಆಯ್ಕೆಯ ಹಕ್ಕನ್ನು ತೆಗೆದು, ನೇಮಕವನ್ನು ಮಾಲೀಕನಿಗೆ ವಹಿಸಿತು. ಆ ಹೊತ್ತಿಗೆ ಖಾಸಗೀಕರಣದ ಮಾತು ಶುರುವಾಗಿತ್ತು. ಮಾಲೀಕ ಯಾರಾಗಬೇಕೆಂಬುದನ್ನು ಕಾರ್ಮಿಕರ ಮತಕ್ಕೆ ಹಾಕುವ ಯೋಚನೆ ಹೊಸ ಆಡಳಿತಗಾರರಲ್ಲಿ ಹೆಚ್ಚಿನವರಿಗೆ ಇರಲಿಲ್ಲ.

ಈ ಜಾಗದಲ್ಲಿ ಗಣಿ ಕಾರ್ಮಿಕರನ್ನು ತಂದದ್ದು ಬಹಳ ಸರಿಯಾದ ಜೋಡಣೆ. 1989ರ ಜುಲೈ 10ರಂದು ಸೈಬೀರಿಯದ ಮೆಝ್‌ದುರೆಚೆನ್‌ಸ್ಕ್ ಊರಿನ ಒಂದು ಗಣಿಯಲ್ಲಿ ಶುರುವಾದ ಮುಷ್ಕರ ಕೆಲವೇ ದಿನಗಳಲ್ಲಿ ಕುಜ್‌ಬಾಸ್, ದೊನ್‌ಬಾಸ್, ವೊರ್ಕುತಾ, ಕರಗಂಡದಂಥ ಕಲ್ಲಿದ್ದಲು ಪ್ರದೇಶಗಳಿಗೆ ಹಬ್ಬಿತು. ಪಾಳಿ ಮುಗಿಸಿ ಮೈ ತೊಳೆಯಲು ಸೋಪು ಸಿಗುತ್ತಿಲ್ಲ ಎಂಬುದು ಬೇಡಿಕೆಗಳಲ್ಲೊಂದು. ಮುಷ್ಕರ ಸಮಿತಿಗಳು ಊರಿನ ಶಿಸ್ತಿನ ಹೊಣೆ ಹೊತ್ತು ಮದ್ಯದ ಮಾರಾಟ ನಿಲ್ಲಿಸಿದವು. ವೊರ್ಕುತಾದ ಗಣಿಗಾರರು 6ನೇ ವಿಧಿಯ ರದ್ದತಿಯನ್ನೂ ಬೇಡಿಕೆಯ ಪಟ್ಟಿಗೆ ಸೇರಿಸಿದರು. ಯಾವ ಕಾನೂನೂ ಕೊಡದ ಅಧಿಕಾರವನ್ನು ಅವರು ಬಳಸಿದರು. ಕಾನೂನು ಕೊಟ್ಟ ಮಂಡಳಿಗಳಲ್ಲಿ ಬಹಳಷ್ಟು ಆ ಹೊತ್ತಿನಲ್ಲಿ ನಿರ್ದೇಶಕರ ಹಿಂದೆ ಕುಳಿತಿದ್ದವು.

‘ಗಟ್ಟಿ ಕೈ’ ವಾದದ ತರಗತಿ ಕೇಳಲು ಕಷ್ಟವಾದದ್ದು, ಆದರೆ ಅತ್ಯಗತ್ಯವಾದದ್ದು. 1989ರ ಆಗಸ್ಟ್‌ನಲ್ಲಿ ಲಿತೆರತೂರ್ನಯ ಗಜೆತಾ ಪತ್ರಿಕೆಯಲ್ಲಿ ಇಗೊರ್ ಕ್ಲ್ಯಾಮ್‌ಕಿನ್ ಮತ್ತು ಅಂದ್ರಾನಿಕ್ ಮಿಗ್ರಾನ್ಯಾನ್, ಸರ್ವಾಧಿಪತ್ಯದಿಂದ ನೇರವಾಗಿ ಪ್ರಜಾಪ್ರಭುತ್ವಕ್ಕೆ ಜಿಗಿಯಲಾಗದು, ನಡುವೆ ಮಾರುಕಟ್ಟೆಯನ್ನು ಕಟ್ಟುವ ಬಲಿಷ್ಠ ಆಡಳಿತದ ಘಟ್ಟವೊಂದು ಬೇಕು ಎಂದು ವಾದಿಸಿದರು. ಉದಾರವಾದಿಗಳೆನಿಸಿಕೊಂಡವರಿಂದಲೇ ಈ ಮಾತು ಬಂದಿತ್ತು. ಇದನ್ನು ಮೇಡಂ ಮುಂದಿನ ಘಟನೆಗಳಿಗೆ ಹೊಂದಿಸಿ ತೋರಿಸಿದರು: 1990ರ ಮಾರ್ಚ್‌ನಲ್ಲಿ ದೇಶದ ಅಧ್ಯಕ್ಷ ಪದವಿ ಹೊಸದಾಗಿ ಸೃಷ್ಟಿಯಾಗಿ, ಗೊರ್ಬಚೆವ್ ಜನರ ಬಳಿ ಹೋಗದೆ ಕಾಂಗ್ರೆಸ್ಸಿನ 1329 ಮತಗಳಿಂದ ಆಯ್ಕೆಯಾದದ್ದು, ಅದೇ ವಸಂತದಲ್ಲಿ ಮಾಸ್ಕೋ ನಗರದ ಸೋವಿಯತ್ತನ್ನು ಗೆದ್ದು ಅದರ ಮುಖ್ಯಸ್ಥರಾದ ಗವ್ರೀಲ್ ಪೊಪೋವ್, ಅಷ್ಟು ದೊಡ್ಡ ಸಭೆಯಿಂದ ನಗರವನ್ನು ನಡೆಸಲಾಗದೆಂದು ನೇರ ಚುನಾವಣೆಯ ಮೇಯರ್ ಹುದ್ದೆಗೆ ಹೋದದ್ದು, ಕೊನೆಗೆ 1993ರ ಅಕ್ಟೋಬರ್ 4ರಂದು ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಆದೇಶದಂತೆ ಅಲ್ಲಿನ ಸಂಸತ್ತಿನ ಕಟ್ಟಡದ ಮೇಲೆ ಟ್ಯಾಂಕುಗಳು ಗುಂಡು ಹಾರಿಸಿದ್ದು. ಸೋವಿಯತ್ತುಗಳಿಗೆ ಎಲ್ಲ ಅಧಿಕಾರ ಎಂದವರೇ ನಾಲ್ಕು ವರ್ಷದೊಳಗೆ ಸೋವಿಯತ್ತುಗಳನ್ನು ಮುಚ್ಚುವವರ ಕಡೆಗೆ ಸೇರಿದ್ದು ಹೇಗೆಂಬುದಕ್ಕೆ ಇಲ್ಲಿ ಸಿಕ್ಕ ವಿವರಣೆಗಿಂತ ಒಳ್ಳೆಯದನ್ನು ನಾನು ಬೇರೆಡೆ ಕೇಳಿಲ್ಲ. ಪೊಪೋವ್ ಪ್ರಸಂಗದಲ್ಲಿ ತರಗತಿಯ ಮಾತು ಸಹಜವಾಗಿಯೇ ನಮ್ಮ ನಗರಕ್ಕೆ ಹೊರಳಿತು. ಆಗ ಇದ್ದದ್ದು 198 ವಾರ್ಡುಗಳ ಬಿಬಿಎಂಪಿ, ಒಂದು ವರ್ಷದ ಮೇಯರ್; ಕಡತಗಳೆಲ್ಲ ಆಯುಕ್ತರ ಬಳಿ ಇರುತ್ತಿದ್ದವು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಪಾಲಿಕೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದ ಊರು ನಮ್ಮದು. ದೊಡ್ಡ ಸಭೆಯಿಂದ ಕೆಲಸ ಆಗುವುದಿಲ್ಲ ಎಂಬ ದೂರು ಎಷ್ಟು ಬೇಗ ಸಭೆಯೇ ಬೇಡ ಎಂಬಲ್ಲಿಗೆ ಮುಟ್ಟುತ್ತದೆಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಪ್ರಾಗ್‌ನ 1968ಕ್ಕೆ, ಅಂದರೆ ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಪಕ್ಷವೇ ಸುಧಾರಣೆಗೆ ಕೈಹಾಕಿ, ಸೋವಿಯತ್ ಟ್ಯಾಂಕುಗಳು ಬಂದು ಅದನ್ನು ತಡೆದ ವರ್ಷಕ್ಕೆ, ಮೀಸಲಾದ ತರಗತಿಯೂ ತೃಪ್ತಿ ಕೊಟ್ಟಿತು. ಆ ಪಕ್ಷದ ಏಪ್ರಿಲ್ ಸುಧಾರಣಾ ಕಾರ್ಯಕ್ರಮದ ರಾಜಕೀಯ ಭಾಗವನ್ನು ರೂಪಿಸಿದ ಝ್ದೆನೆಕ್ ಮ್ಲಿನಾರ್ಜ್ 1950ರ ದಶಕದ ಮೊದಲರ್ಧದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಗೊರ್ಬಚೆವ್ ಅವರ ಸಹಪಾಠಿ ಮತ್ತು ಗೆಳೆಯ. ಪಿಲ್ಸೆನ್‌ನ ಸ್ಕೋಡಾ ಕಾರ್ಖಾನೆಯಂಥ ಕಡೆಗಳಲ್ಲಿ ಕಾರ್ಮಿಕರ ಮಂಡಳಿಗಳು ಟ್ಯಾಂಕುಗಳು ಬಂದ ಮೇಲೂ ಬೆಳೆಯುತ್ತಲೇ ಇದ್ದವು, 1969ರ ಜನವರಿಯಲ್ಲಿ ಅವುಗಳ ಪ್ರತಿನಿಧಿಗಳು ಒಂದೆಡೆ ಸೇರಿದ್ದರು ಎಂಬ ಸಂಗತಿ ಅಲ್ಲಿದ್ದ ಹೆಚ್ಚಿನವರಿಗೆ ಹೊಸದು. ಪೋಲೆಂಡಿನಲ್ಲಿ ಸರ್ಕಾರಕ್ಕೂ ವಿರೋಧಿಗಳಿಗೂ ನಡುವೆ 1989ರಲ್ಲಿ ನಡೆದ ದುಂಡುಮೇಜಿನ ಮಾತುಕತೆ, ಪ್ರಜಾಪ್ರಭುತ್ವ ಕೇಳುವ ಭಿತ್ತಿಪತ್ರಗಳನ್ನು ಜನ ಅಂಟಿಸಿದ ಚೀನಾದ ಶಿದಾನ್ ಗೋಡೆ ಒಂದೇ ಸಂಜೆಯಲ್ಲಿ ಅವಸರವಾಗಿ ಮುಗಿದವು. ಪೂರ್ವ ಜರ್ಮನಿಗೆ ಇನ್ನಷ್ಟು ಸಮಯ ಕೊಡಬೇಕಿತ್ತು. ಪಕ್ಷಗಳ ಜೊತೆಗೆ ನಾಗರಿಕ ಚಳವಳಿಗಳಿಗೂ ಸಂವಿಧಾನದಲ್ಲಿ ಸ್ಥಾನ ಕೊಟ್ಟ, ಜನಮತಗಣನೆಗೆ ಅವಕಾಶವಿದ್ದ ಕರಡನ್ನು ಅಲ್ಲಿನ ದುಂಡುಮೇಜು 1990ರ ಏಪ್ರಿಲ್‌ನಲ್ಲಿ ಮುಂದಿಟ್ಟಿತು. ಹೊಸದಾಗಿ ಚುನಾಯಿತವಾದ ಸಂಸತ್ತು ಅದನ್ನು ಸಮಿತಿಯ ಪರಿಶೀಲನೆಗೂ ಒಪ್ಪಿಸಲಿಲ್ಲ. ಈ ವಿಷಯದ ತಿರುಳೇ ಆಗಬಹುದಾದ ಕರಡಿಗೆ ಸಿಕ್ಕಿದ್ದು ಕೆಲವು ನಿಮಿಷ.

ಈಗ ಕೊರತೆಯ ಮಾತು. ಇಡೀ ಪಾಠಮಾಲೆ ಜನರು ಅಧಿಕಾರವನ್ನು ಹೇಗೆ ನಡೆಸಬೇಕೆಂದು ಕೇಳುತ್ತದೆ, ಯಾವ ಜನರು ಎಂದು ಕೇಳುವುದಿಲ್ಲ. 1988ರ ಏಪ್ರಿಲ್‌ನಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದ ಜನರಂಗ ಮೊದಲಿಗೆ ಪೆರೆಸ್ತ್ರೋಯಿಕದ ಬೆಂಬಲಕ್ಕೆಂದೇ ಹೊರಟದ್ದು. ನವೆಂಬರ್ ಹೊತ್ತಿಗೆ ಅಲ್ಲಿನ ಸುಪ್ರೀಂ ಸೋವಿಯತ್ ಸಾರ್ವಭೌಮತ್ವ ಘೋಷಿಸಿತ್ತು. ಲಿಥುವೇನಿಯಾದ ರಾಷ್ಟ್ರೀಯ ಚಳವಳಿ ಸಾಯೂದಿಸ್ 1989ರ ಮಾರ್ಚ್‌ನಲ್ಲಿ ಅಲ್ಲಿನ 42 ಸ್ಥಾನಗಳಲ್ಲಿ 36 ಗೆದ್ದಿತು. ಅದೇ ವರ್ಷ ಆಗಸ್ಟ್ 23ರಂದು ಮೂರು ಬಾಲ್ಟಿಕ್ ಗಣರಾಜ್ಯಗಳ ಜನ ಕೈಕೈ ಹಿಡಿದು ಸುಮಾರು 600 ಕಿಲೋಮೀಟರ್ ಉದ್ದದ ಸರಪಳಿ ಮಾಡಿದರು. ಇವರ ಪಾಲಿಗೆ ಮಾಸ್ಕೋದ ಕಾಂಗ್ರೆಸ್ ಎಷ್ಟೇ ಸುಧಾರಿಸಿದರೂ ಪರರ ಸಭೆಯೇ. ಇನ್ನೊಂದೆಡೆ, ಅದೇ ಗಣರಾಜ್ಯಗಳಲ್ಲಿ ದಶಕಗಳಿಂದ ನೆಲೆಸಿದ್ದ ರಷ್ಯನ್ ಭಾಷಿಕರು ಹೊಸ ವ್ಯವಸ್ಥೆಯಲ್ಲಿ ತಮಗೆ ಮತವಿರುತ್ತದೆಯೇ ಎಂದು ಆತಂಕಪಟ್ಟರು. 1991ರ ಮಾರ್ಚ್ 17ರ ಜನಮತಗಣನೆಯಲ್ಲಿ ನವೀಕೃತ ಒಕ್ಕೂಟದ ಪರ ಶೇಕಡ 76ರಷ್ಟು ಮತ ಬಿದ್ದರೂ ಬಾಲ್ಟಿಕ್ ಗಣರಾಜ್ಯಗಳು, ಜಾರ್ಜಿಯಾ, ಅರ್ಮೇನಿಯಾ, ಮೊಲ್ಡೋವಾ ಅದರಿಂದ ದೂರ ಉಳಿದವು ಎಂಬುದನ್ನು ಬಿಟ್ಟು, ಒಕ್ಕೂಟವೇ ಕೊನೆಯಾದ 1991ರ ಡಿಸೆಂಬರನ್ನು ಅರ್ಥ ಮಾಡಿಸುವುದು ಹೇಗೆ? ಭಾಷಾವಾರು ರಾಜ್ಯ, ಒಕ್ಕೂಟ ವ್ಯವಸ್ಥೆ, ತೆರಿಗೆಯ ಪಾಲು ಎಂದು ದಿನವೂ ಚರ್ಚಿಸುವ ಕನ್ನಡಿಗರ ಮುಂದೆ ಈ ಪ್ರಶ್ನೆಯನ್ನು ಇಡದಿರುವುದು ಸಣ್ಣ ಲೋಪವಲ್ಲ.

ನಮ್ಮದೇ ಚಿಂತನೆಯ ಕಡೆಗೂ ಒಂದು ಬಾಗಿಲು ತೆರೆದಿದ್ದರೆ ಚೆನ್ನಾಗಿತ್ತು. ತನ್ನ ಪಕ್ಷವನ್ನು 1948ರಲ್ಲಿ ತಾನೇ ವಿಸರ್ಜಿಸಿ ಜನಸಮಿತಿಗಳ ಮೇಲೆ ನಿಂತ ಪ್ರಜಾಪ್ರಭುತ್ವವನ್ನು ಪ್ರತಿಪಾದಿಸಿದ ಎಂ.ಎನ್. ರಾಯ್, ಪಕ್ಷರಹಿತ ಪ್ರಜಾಪ್ರಭುತ್ವದ ಬಗ್ಗೆ ಬರೆದ ಜಯಪ್ರಕಾಶ್ ನಾರಾಯಣ್ ಇಬ್ಬರೂ ಸೋವಿಯತ್ ಕಲ್ಪನೆಯೊಡನೆ ಗಂಭೀರವಾಗಿ ಗುದ್ದಾಡಿದವರು. ಇನ್ನು 1987ರ ಜನವರಿಯಲ್ಲಿ ಮಾಸ್ಕೋದ ಕೇಂದ್ರ ಸಮಿತಿ ಒಂದಕ್ಕಿಂತ ಹೆಚ್ಚು ಉಮೇದುವಾರರ ಚುನಾವಣೆಯನ್ನು ಚರ್ಚಿಸುತ್ತಿದ್ದ ಅದೇ ತಿಂಗಳು ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಮಹಿಳೆಯರಿಗೆ ಶೇಕಡ 25 ಮೀಸಲಾತಿಯೊಂದಿಗೆ ಚುನಾವಣೆ ನಡೆದಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಅವಕಾಶ ಕನ್ನಡದ ತರಗತಿಗೆ ಮಾತ್ರ ಇದೆ.

ವ್ಯವಸ್ಥೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಹಂಚುವ ಓದುಸಾಮಗ್ರಿಯಲ್ಲಿ ಅರ್ಧದಷ್ಟು ಇನ್ನೂ ಇಂಗ್ಲಿಷಿನಲ್ಲೇ ಇದೆ. ಕನ್ನಡದಲ್ಲಿರುವ ಭಾಗ ಮಾತ್ರ ಬಹಳ ಎಚ್ಚರದಿಂದ ಸಿದ್ಧಪಡಿಸಿದ್ದು. ಬೀದಿಯ ವಾಹನಗಳ ಸದ್ದು ಹಿಂದಿನ ಸಾಲಿನವರಿಗೆ ತೊಂದರೆ ಕೊಡುತ್ತದೆ, ಆದ್ದರಿಂದ ಬೇಗ ಹೋಗಿ ಮುಂದೆ ಕೂರುವುದು ಒಳ್ಳೆಯದು. ಮೆಟ್ಟಿಲು ಕಡಿದಾಗಿರುವುದರಿಂದ ಮೊಣಕಾಲು ನೋವಿರುವ ಹಿರಿಯರು ಮೊದಲೇ ತಿಳಿಸಿದರೆ ಕೆಳಗಿನ ಕೋಣೆಯಲ್ಲಿ ತರಗತಿ ಇಟ್ಟುಕೊಳ್ಳುತ್ತಾರೆ. ಚಹಾದ ವಿರಾಮ ಹದಿನೈದು ನಿಮಿಷವೆಂದರೂ ಚರ್ಚೆ ಅಲ್ಲಿಯೂ ಮುಂದುವರಿಯುತ್ತದೆ. ಪರೀಕ್ಷೆಗೆ ಸಿದ್ಧ ಉತ್ತರ ಬೇಕೆನ್ನುವವರಿಗೆ ಇದು ತಕ್ಕದ್ದಲ್ಲ. ಚುನಾವಣೆ, ಪ್ರಾತಿನಿಧ್ಯ, ಕಾರ್ಮಿಕರ ಹಕ್ಕು, ನಗರಾಡಳಿತದ ಬಗ್ಗೆ ಕೆಲಸ ಮಾಡುವವರು ತಪ್ಪಿಸಿಕೊಳ್ಳಬಾರದು. ಬಾಲ್ಟಿಕ್ ಗಣರಾಜ್ಯಗಳ ವಿಷಯಕ್ಕೆ ಪೂರ್ತಿ ಒಂದು ತರಗತಿ ಕೊಡಿ ಎಂದು ಅಭಿಪ್ರಾಯದ ಹಾಳೆಯಲ್ಲಿ ನಾನೂ ಇನ್ನು ಕೆಲವರೂ ಬರೆದುಕೊಟ್ಟಿದ್ದೇವೆ. ಮುಂದಿನ ತಂಡಕ್ಕೆ ಶಿದಾನ್ ಮತ್ತು ಪೋಲೆಂಡನ್ನು ಬೇರ್ಪಡಿಸಿ, ಆ ತರಗತಿಯನ್ನೂ ಸೇರಿಸುವುದಾಗಿ ಮೇಡಂ ಹೇಳಿದ್ದಾರೆ, ಶುಲ್ಕ ಹೆಚ್ಚಿಸುವುದಿಲ್ಲವಂತೆ.